ಅಡಿಕೆ ಧಾರಣೆಯ ಆಪ್ ಮಾಡಿದ್ದೇನೆ, ಇಳಿಸಿಕೊಳ್ಳುವವರೇ ಇಲ್ಲ. ಜಾಹೀರಾತಿಗೆ ದುಡ್ಡು ಹಾಕಲೇ?

ತೋಟದ_ತಂತ್ರಿ
ಎಲ್ಲರಿಗೂ ನಮಸ್ಕಾರ. ಊರು ಸಿದ್ದಾಪುರದ ಕಡೆ, ಕೆಲಸ ಬೆಂಗಳೂರಿನಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಶಿವಮೊಗ್ಗ, ಚನ್ನಗಿರಿ ಮಾರುಕಟ್ಟೆಗಳ ಅಡಿಕೆ ಧಾರಣೆಯನ್ನು ದಿನವೂ ಕನ್ನಡದಲ್ಲಿ ತೋರಿಸುವ ಆಂಡ್ರಾಯ್ಡ್ ಆಪ್ ಒಂದನ್ನು ಬಿಡುವಿನ ವೇಳೆಯಲ್ಲಿ ಮಾಡಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಹೀಗೆ ಅಡಿಕೆಯ ಬಗೆಗಳೆಲ್ಲವೂ ಇವೆ. ಶುಲ್ಕ ಇಲ್ಲ, ನಡುವೆ ಜಾಹೀರಾತೂ ಇಲ್ಲ.

ಮಳೆಗಾಲದ ಆರಂಭದಲ್ಲಿ ಪ್ಲೇ ಸ್ಟೋರ್‌ಗೆ ಏರಿಸಿದೆ. ನೆಂಟರು, ಕಚೇರಿಯ ಗೆಳೆಯರು ಇಳಿಸಿಕೊಂಡರು. 100+ ಎಂದು ಬಿತ್ತು. ಅಲ್ಲಿಂದ ಮುಂದಕ್ಕೆ ಅಲುಗುತ್ತಿಲ್ಲ. ಕೊಯ್ಲು ಶುರುವಾಗುವ ಮೊದಲು ಹತ್ತು ಸಾವಿರವಾದರೂ ದಾಟಬೇಕೆಂಬ ಆಸೆ. ಗೂಗಲ್ ಜಾಹೀರಾತಿಗೆ ಇಪ್ಪತ್ತು ಸಾವಿರ ರೂಪಾಯಿ ಹಾಕೋಣವೇ ಎಂದು ಯೋಚಿಸುತ್ತಿದ್ದೇನೆ. ಹೆಂಡತಿ ಆ ದುಡ್ಡಿಗೆ ಬೇರೆ ಲೆಕ್ಕ ಬರೆದಿಟ್ಟಿದ್ದಾಳೆ. ಮಾಡಿ ನೋಡಿದವರು ಇದ್ದರೆ ಹೇಳಿ.

ಕೋಡಿಂಗ್_ಕೂಲಿ
ಹಾಕಬೇಡಿ. ಹೆಂಡತಿಯ ಲೆಕ್ಕವೇ ಸರಿ ಇರಬೇಕು.

ಮೊದಲು ಪ್ಲೇ ಕನ್ಸೋಲ್ (ಆಪ್ ಮಾಡಿದವರಿಗೆ ಗೂಗಲ್ ಕೊಡುವ ನಿರ್ವಹಣೆಯ ತಾಣ) ತೆರೆದು ನಿಮ್ಮ ಪುಟಕ್ಕೆ ಬಂದವರೆಷ್ಟು, ಅವರಲ್ಲಿ ಇಳಿಸಿಕೊಂಡವರೆಷ್ಟು ಎಂದು ನೋಡಿ. ಬರುವವರೇ ಇಲ್ಲವೆಂದರೆ ಹುಡುಕುವವರ ಕಣ್ಣಿಗೆ ನೀವು ಬೀಳುತ್ತಿಲ್ಲ. ಬಂದವರು ಹಾಗೆಯೇ ಹಿಂದಿರುಗುತ್ತಿದ್ದರೆ ಪುಟ ಸರಿಯಿಲ್ಲ. ಇಳಿಸಿಕೊಂಡವರು ವಾರದೊಳಗೆ ಕಿತ್ತುಹಾಕುತ್ತಿದ್ದರೆ ಆಪ್ ಸರಿಯಿಲ್ಲ, ಅದಕ್ಕೆ ಜಾಹೀರಾತು ಮದ್ದಲ್ಲ. ಮೂರಕ್ಕೂ ಬೇರೆ ಬೇರೆ ಪರಿಹಾರ.

ಆಪ್ ಹೆಸರೇನು?

ತೋಟದ_ತಂತ್ರಿ
ಮಗಳ ಹೆಸರು. ಪುಟಕ್ಕೆ ಬರುವವರೇ ಕಡಿಮೆ, ಬಂದವರಲ್ಲಿ ಹೆಚ್ಚಿನವರು ಇಳಿಸಿಕೊಳ್ಳುತ್ತಾರೆ.

ಸಾಗರದ_ಹುಡುಗ
ಮಗಳ ಹೆಸರಿಟ್ಟರೆ ಅಡಿಕೆ ಹುಡುಕುವವನಿಗೆ ಹೇಗೆ ಸಿಗಬೇಕು ಸ್ವಾಮೀ? ಸಿಕ್ಕರೂ ಮಕ್ಕಳ ಆಟ ಎಂದುಕೊಂಡು ಮುಂದೆ ಹೋಗುತ್ತಾರೆ.

ತೋಟದ_ತಂತ್ರಿ
ಹೆಸರು ಬದಲಾಯಿಸುವ ಮಾತೇ ಇಲ್ಲ. ನಾಮಕರಣದ ದಿನವೇ ನಿರ್ಧರಿಸಿದ್ದು.

ಕೋಡಿಂಗ್_ಕೂಲಿ
ಬದಲಾಯಿಸಬೇಡಿ, ಪಕ್ಕದಲ್ಲಿ ಸೇರಿಸಿ. ಪ್ಲೇ ಸ್ಟೋರ್ ಶೀರ್ಷಿಕೆಗೆ 30 ಅಕ್ಷರ ಕೊಡುತ್ತದೆ. ಕಾಗುಣಿತದ ಚಿಹ್ನೆಗಳೂ ಎಣಿಕೆಗೆ ಸೇರುವುದರಿಂದ ಕನ್ನಡದಲ್ಲಿ ಬೇಗ ಮುಗಿಯುತ್ತದೆ, ಆದರೂ ಮಗಳ ಹೆಸರಿನ ಜೊತೆ "ಅಡಿಕೆ ಧಾರಣೆ" ಆರಾಮವಾಗಿ ಹಿಡಿಸುತ್ತದೆ. ಕೆಳಗಿನ ಕಿರು ವಿವರಣೆಗೆ 80 ಅಕ್ಷರ. ಅಲ್ಲಿ ಊರುಗಳ ಹೆಸರು ಬರಲಿ: ಶಿರಸಿ, ಸಾಗರ, ಶಿವಮೊಗ್ಗ. ಪೂರ್ಣ ವಿವರಣೆಗೆ 4000 ಇದೆ. ಗೂಗಲ್‌ನಲ್ಲಿ ಹುಡುಕುಪದಗಳಿಗೆಂದು ಬೇರೆ ಜಾಗವಿಲ್ಲ, ಈ ಬರಹವನ್ನೇ ಓದಿ ಆಪ್ ಯಾವುದರ ಕುರಿತಾದದ್ದು ಎಂದು ಅಂದಾಜು ಮಾಡುತ್ತದೆ. ಹಾಗೆಂದು "ಅಡಿಕೆ ಅಡಿಕೆ ಅಡಿಕೆ" ಎಂದು ತುರುಕಬೇಡಿ, ಅದು ನಿಯಮಕ್ಕೆ ವಿರುದ್ಧ. ಶೀರ್ಷಿಕೆಯಲ್ಲಿ "ನಂಬರ್ ಒನ್", "ಉಚಿತ" ಎಂದೆಲ್ಲ ಹಾಕುವುದಕ್ಕೂ 2021ರಿಂದ ತಡೆ ಇದೆ.

ಪುಟವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಪ್ರತ್ಯೇಕವಾಗಿ ತುಂಬಿಸಬಹುದು. ಇದನ್ನು ಬಿಡಬೇಡಿ. ನಮ್ಮ ಕಡೆ ಎಷ್ಟೋ ಜನರ ಫೋನು ಇಂಗ್ಲಿಷ್‌ನಲ್ಲೇ ಇರುತ್ತದೆ, ಕನ್ನಡ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬೆರಳಚ್ಚಿಸಿ ಹುಡುಕುತ್ತಾರೆ. ಕನ್ನಡ ಪುಟ ಮಾತ್ರ ಚೆನ್ನಾಗಿದ್ದರೆ ಅವರಿಗೆ ನೀವು ಸಿಗುವುದೇ ಇಲ್ಲ.

ಚಾಲಿ_ಚಪ್ಪರ
ಇವತ್ತು ಶಿರಸಿಯಲ್ಲಿ ಚಾಲಿ ಎಷ್ಟಿದೆ?

ಸಾಗರದ_ಹುಡುಗ
ಆಪ್ ಇಳಿಸಿಕೊಂಡು ನೋಡಿ ಮಾರಾಯರೇ, ಅದಕ್ಕೇ ಅಲ್ಲವೇ ಈ ಚರ್ಚೆ.

ಚಾಲಿ_ಚಪ್ಪರ
ಇಳಿಸಿಕೊಂಡೆ. ತೆರೆದ ಕೂಡಲೇ ಮೊಬೈಲ್ ನಂಬರು, ಒಟಿಪಿ ಕೇಳಿತು. ಧಾರಣೆ ನೋಡುವುದಕ್ಕೆ ನನ್ನ ನಂಬರು ಏಕೆ? ತೆಗೆದುಹಾಕಿದೆ.

ಶಂಕೆರಾಯ
ಇಲ್ಲಿಗೆ ಬಂತು ನೋಡಿ ವಿಷಯ. ಕಳೆದ ಒಂದೆರಡು ವರ್ಷಗಳಿಂದ ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಎಂದು, ಸಂಚಾರ ದಂಡದ ರಸೀದಿ ಎಂದು ಎಪಿಕೆ ಕಡತ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆಪ್ ಹಾಕಿಕೊಳ್ಳುವ ಕಡತ) ಬರುವುದು, ಒತ್ತಿದವರ ಖಾತೆ ಬರಿದಾಗುವುದು ಎಲ್ಲ ಊರಲ್ಲೂ ಮಾತಾಗಿದೆ. ಬ್ಯಾಂಕಿನವರು, ಪೊಲೀಸರು, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಸೇರಿ ಹಿರಿಯರಿಗೆ ಹೇಳಿರುವುದು ಒಂದೇ ಮಾತು, ಒಟಿಪಿ ಯಾರಿಗೂ ಕೊಡಬೇಡಿ ಎಂದು. ಅಂಥವರ ಮುಂದೆ ಮೊದಲ ಪರದೆಯಲ್ಲೇ ಒಟಿಪಿ ಕೇಳಿದರೆ ಇನ್ನೇನಾಗುತ್ತದೆ?

ತೋಟದ_ತಂತ್ರಿ
ಯಾರು ಬಳಸುತ್ತಿದ್ದಾರೆ ಎಂದು ತಿಳಿಯುವುದಕ್ಕೆ ಹಾಕಿದ್ದು. ಮುಂದೆ ಬೆಳೆಗಾರರಿಗೆ ಸೂಚನೆ ಕಳಿಸುವಾಗ ಬೇಕಾಗುತ್ತದೆ.

ಕೋಡಿಂಗ್_ಕೂಲಿ
ಸೂಚನೆ ಕಳಿಸಲು ಫೋನ್ ನಂಬರು ಬೇಕಿಲ್ಲ. ಆಂಡ್ರಾಯ್ಡ್ 13ರಿಂದ ಸೂಚನೆಗೆ ಬಳಕೆದಾರರ ಒಪ್ಪಿಗೆಯಂತೂ ಬೇಕು. ಅದನ್ನೂ ತೆರೆದ ಕೂಡಲೇ ಕೇಳಬೇಡಿ. ಮೊದಲು ಧಾರಣೆ ತೋರಿಸಿ. ಅವರು ತಮ್ಮ ಮಾರುಕಟ್ಟೆ ಆರಿಸಿಕೊಂಡ ಮೇಲೆ "ಶಿರಸಿ ಧಾರಣೆ ಬಂದ ಕೂಡಲೇ ತಿಳಿಸಲೇ?" ಎಂದು ಕೇಳಿದರೆ ಹೂಂ ಎನ್ನುತ್ತಾರೆ.

ಗುಂಪಿನ_ಗೌಡ
ಇಷ್ಟೆಲ್ಲ ಏಕೆ? ಎಪಿಕೆ ಕಡತವನ್ನೇ ವಾಟ್ಸಾಪ್ ಗುಂಪುಗಳಿಗೆ ಹಾಕಿ. ಒಂದೊಂದು ಗುಂಪಿನಲ್ಲಿ 1024 ಜನರವರೆಗೆ ಇರುತ್ತಾರೆ. ಹತ್ತು ಗುಂಪು ಹಿಡಿದರೆ ಕೆಲಸ ಮುಗಿಯಿತು.

ಶಂಕೆರಾಯ
ನಾನು ಮೇಲೆ ಬರೆದದ್ದನ್ನು ಓದಿದಿರಾ ಗೌಡರೇ?

ಕೋಡಿಂಗ್_ಕೂಲಿ
ಎಪಿಕೆ ಹಂಚಿದರೆ ಫೋನು ಎಚ್ಚರಿಕೆ ತೋರಿಸುತ್ತದೆ, ಜನ ಹೆದರುತ್ತಾರೆ, ಹೆದರಬೇಕು ಕೂಡ. ಹಾಗೆ ಇಳಿಸಿಕೊಂಡದ್ದು ಪ್ಲೇ ಸ್ಟೋರ್‌ನ ಎಣಿಕೆಗೂ ಬರುವುದಿಲ್ಲ. ಕೊಂಡಿ ಮಾತ್ರ ಹಂಚಿ.

ವೇಗದ_ವ್ಯಾಪಾರ
ನಮ್ಮಲ್ಲಿ ಐದು ನಕ್ಷತ್ರದ ವಿಮರ್ಶೆಗಳೂ ಇಳಿಕೆಗಳೂ ಖಚಿತ ದರದಲ್ಲಿ ಲಭ್ಯ. ನಿಜವಾದ ಭಾರತೀಯ ಬಳಕೆದಾರರು. ಸಂಪರ್ಕಿಸಿ: [ತೆಗೆದುಹಾಕಲಾಗಿದೆ]

ನಿರ್ವಾಹಕ
ಸಂಖ್ಯೆ ತೆಗೆದಿದ್ದೇನೆ. ಇನ್ನೊಮ್ಮೆ ಹಾಕಿದರೆ ಖಾತೆಯನ್ನೇ ತೆಗೆಯುತ್ತೇನೆ.

ಬೆಳ್ಳಿ_ಬಟನ್
ಇಂಥ ಒಂದು ಏಜೆನ್ಸಿಗೆ ನನ್ನ ಹಿಂದಿನ ಮಾಲೀಕರು ದುಡ್ಡು ಕೊಟ್ಟಿದ್ದರು. ಪಂಚಾಂಗದ ಆಪ್. ಒಂದೇ ರಾತ್ರಿಯಲ್ಲಿ ರಾಶಿ ರಾಶಿ ವಿಮರ್ಶೆ ಬಂತು. "ಈ ಆಟದ ಗ್ರಾಫಿಕ್ಸ್ ಅದ್ಭುತ" ಎಂದು ಪಂಚಾಂಗಕ್ಕೆ ಬರೆದಿದ್ದರು! ರಾಹುಕಾಲದಲ್ಲಿ ಯಾವ ಗ್ರಾಫಿಕ್ಸ್ ಕಂಡರೋ. ಕೆಲವೇ ದಿನಗಳಲ್ಲಿ ಗೂಗಲ್ ಎಲ್ಲವನ್ನೂ ಅಳಿಸಿತು, ಎಚ್ಚರಿಕೆಯ ಪತ್ರವೂ ಬಂತು. ದುಡ್ಡು ಕೊಟ್ಟು ಇಳಿಕೆ ಮತ್ತು ವಿಮರ್ಶೆ ಕೊಳ್ಳುವುದು ನೀತಿಗೆ ವಿರುದ್ಧ, ಆಪ್ ಅನ್ನೇ ತೆಗೆದುಹಾಕಬಹುದು.

ವಿಮರ್ಶೆ ಬೇಕಿದ್ದರೆ ಆಪ್ ಒಳಗಿಂದಲೇ ಕೇಳುವ ಗೂಗಲ್‌ನದೇ ವ್ಯವಸ್ಥೆ ಇದೆ. ನಾಲ್ಕಾರು ದಿನ ಬಳಸಿದವರಿಗೆ ಮಾತ್ರ ತೋರಿಸಿ. "ನಿಮಗೆ ಇಷ್ಟವಾಯಿತೇ" ಎಂದು ಮೊದಲೇ ಕೇಳಿ, ಹೌದು ಎಂದವರನ್ನು ಮಾತ್ರ ಅಲ್ಲಿಗೆ ಕಳಿಸುವ ಜಾಣತನಕ್ಕೆ ಅವಕಾಶವಿಲ್ಲ.

ಪದವಿ_ಕೊನೆಯ_ವರ್ಷ
ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಒಂದು ಆಪ್ ಮಾಡಿದ್ದೇನೆ, ಹೊಸ ಖಾತೆ. ಪ್ಲೇ ಸ್ಟೋರ್‌ನಲ್ಲಿ ಬಿಡುವ ಮೊದಲು ಆಪ್ ಬಳಸಿ ನೋಡಲು 20 ಪರೀಕ್ಷಕರು ಬೇಕು ಎನ್ನುತ್ತಾರಲ್ಲ, ನಿಜವೇ?

ಕೋಡಿಂಗ್_ಕೂಲಿ
2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಆ ನಿಯಮ. ಮೊದಲು 20 ಇತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಅಷ್ಟು ಜನ ಸತತ 14 ದಿನ ಪರೀಕ್ಷೆಯಲ್ಲಿ ಇರಬೇಕು. ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿರುತ್ತೀರಿ, ಮತ್ತೆ ಕಟ್ಟುವುದಿಲ್ಲ. ಹಾಸ್ಟೆಲ್‌ನಲ್ಲಿ ಹನ್ನೆರಡು ಜನ ಸಿಗುವುದಿಲ್ಲವೇ?

ಪದವಿ_ಕೊನೆಯ_ವರ್ಷ
ಸಿಗುತ್ತಾರೆ ಸರ್. ಆದರೆ ಅರ್ಧ ಜನರದ್ದು ಐಫೋನ್.

ಸಾಗರದ_ಹುಡುಗ
ಹಾಸ್ಟೆಲ್‌ನಲ್ಲಿ ಐಫೋನ್! ನಮ್ಮ ಕಾಲದಲ್ಲಿ ಹಾಸ್ಟೆಲ್‌ಗೆ ಒಂದೇ ಕಾಯಿನ್ ಬೂತ್ ಇತ್ತು.

ಪರದೇಶಿ_ಪುತ್ತೂರು
ಐಫೋನ್ ಮಾತು ಬಂತು ಎಂದು ಕೇಳುತ್ತೇನೆ: ತಂತ್ರಿಗಳೇ, ಐಫೋನ್‌ಗೆ ಯಾವಾಗ? ನಾನು ಅಮೆರಿಕದಲ್ಲಿದ್ದೇನೆ, ತೋಟ ಪುತ್ತೂರಿನಲ್ಲಿ. ಬೆಳಿಗ್ಗೆ ಎದ್ದು ಕ್ಯಾಂಪ್ಕೊ (ಅಡಿಕೆ ಕೊಳ್ಳುವ ಬೆಳೆಗಾರರ ಸಹಕಾರಿ ಸಂಸ್ಥೆ) ಧಾರಣೆ ನೋಡಿ ಅಪ್ಪನಿಗೆ ಫೋನ್ ಮಾಡಿ "ಈ ವಾರ ಕೊಡಬೇಡಿ" ಎನ್ನುವುದು ನನ್ನ ದಿನಚರಿ. ಅಪ್ಪ ನನ್ನ ಮಾತು ಕೇಳುವುದಿಲ್ಲ, ಅದು ಬೇರೆ ವಿಷಯ. ನಿಮ್ಮ ಪಟ್ಟಿಯಲ್ಲಿ ದಕ್ಷಿಣ ಕನ್ನಡವೇ ಇಲ್ಲ.

ತೋಟದ_ತಂತ್ರಿ
ಆಪಲ್‌ನವರಿಗೆ ವರ್ಷ ವರ್ಷವೂ 99 ಡಾಲರ್ ಕಟ್ಟಬೇಕು. ಸದ್ಯಕ್ಕೆ ಆಗದು. ಪುತ್ತೂರು ಸೇರಿಸುತ್ತೇನೆ.

ಚಾಲಿ_ಚಪ್ಪರ
ಇನ್ನೊಂದು ದೂರು. ನಿಮ್ಮ ಆಪ್‌ನಲ್ಲಿ ಗರಿಷ್ಠ ಧಾರಣೆ ದಪ್ಪ ಅಕ್ಷರದಲ್ಲಿದೆ, ಸರಾಸರಿ ಮೂಲೆಯಲ್ಲಿ ಸಣ್ಣದಾಗಿ ಕೂತಿದೆ. ಗರಿಷ್ಠ ಎನ್ನುವುದು ಯಾರೋ ಒಬ್ಬನ ಒಂದು ಲಾಟಿಗೆ ಸಿಕ್ಕಿದ ದರ. ನಮಗೆ ಸಿಗುವುದು ಸರಾಸರಿ, ಕೆಲವೊಮ್ಮೆ ಅದಕ್ಕೂ ಕಡಿಮೆ. ಗರಿಷ್ಠ ನೋಡಿಕೊಂಡು ಪೇಟೆಗೆ ಹೋದವನು ಬೈದುಕೊಂಡು ಬರುತ್ತಾನೆ, ಬಂದು ನಿಮ್ಮ ಆಪ್ ಕಿತ್ತುಹಾಕುತ್ತಾನೆ.

ತೋಟದ_ತಂತ್ರಿ
ದೊಡ್ಡ ಅಂಕಿ ಕಂಡರೆ ಜನ ಖುಷಿಪಡುತ್ತಾರೆ ಎಂಬ ಲೆಕ್ಕಾಚಾರ ಅದು.

ಚಾಲಿ_ಚಪ್ಪರ
ಒಂದು ದಿನ ಖುಷಿಪಡುತ್ತಾರೆ.

ಅಂಗಳದ_ಅಕ್ಕ
ನಮ್ಮ ಕೇರಿಯ ಗುಂಪಿನಲ್ಲಿ ದಿನಾ ಸಂಜೆ ಧಾರಣೆ ಪಟ್ಟಿ ಹಾಕುವವಳು ನಾನು, ಆದ್ದರಿಂದ ಎರಡು ಮಾತು.

ನಾವು ಅಡಿಕೆ ಮಾರುವ ಸೊಸೈಟಿಯಿಂದ ಬರುವುದು ಚಿತ್ರ. ಕೋಷ್ಟಕ, ಸಣ್ಣ ಅಕ್ಷರ. ವಯಸ್ಸಾದವರಿಗೆ ಅದನ್ನು ಬೆರಳಲ್ಲಿ ಹಿಗ್ಗಿಸಿ ನೋಡುವುದು ಕಷ್ಟ. ಹಿಗ್ಗಿಸಿದರೆ ಎಡಗಡೆಯ ಹೆಸರು ಪರದೆಯಿಂದ ಆಚೆ ಹೋಗುತ್ತದೆ, ಯಾವ ಅಂಕಿ ಯಾವುದರದ್ದು ಎಂದು ತಿಳಿಯುವುದಿಲ್ಲ. ಅದಕ್ಕೆ ನಾನು ಕೂತು ಬೆರಳಚ್ಚಿಸುತ್ತೇನೆ: ರಾಶಿ ಇಷ್ಟರಿಂದ ಇಷ್ಟು, ಚಾಲಿ ಇಷ್ಟರಿಂದ ಇಷ್ಟು, ಸರಾಸರಿ ಇಷ್ಟು. ಬೇರೆ ಗುಂಪಿನವರು ಅದನ್ನೇ ಎತ್ತಿಕೊಂಡು ಹೋಗುತ್ತಾರೆ. ಒಂದು ದಿನ ತಡವಾದರೆ "ಅಕ್ಕಾ, ಹುಷಾರಿದ್ದೀರಾ?" ಎಂದು ಫೋನು ಬರುತ್ತದೆ.

ನಿಮ್ಮ ಆಪ್ ನನಗೆ ಉಪಯೋಗವಾಗುವುದು ಹೇಗೆ ಎಂದರೆ, ಒಂದು ಗುಂಡಿ ಒತ್ತಿದರೆ ನನ್ನ ಪಟ್ಟಿ ಬರಹದ ರೂಪದಲ್ಲಿ ಸಿದ್ಧವಾಗಬೇಕು. ಅದನ್ನು ನಾನು ತಿದ್ದುವಂತಿರಬೇಕು. ಮೇಲೆ "ಶುಭ ಸಂಜೆ" ಸೇರಿಸುತ್ತೇನೆ, ಕೆಳಗೆ ನಾಳೆ ಸೊಸೈಟಿಗೆ ರಜೆ ಎಂದು ಸೇರಿಸುತ್ತೇನೆ. ನಿಮ್ಮ ಕೊಂಡಿ ಬೇಕಾದರೆ ಕೊನೆಯ ಸಾಲಿನಲ್ಲಿರಲಿ.

ಕೋಡಿಂಗ್_ಕೂಲಿ
ಅಕ್ಕ ಹೇಳಿದ್ದು ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಬೆಲೆಯ ಮಾತು. ತಂತ್ರಿಗಳೇ, ನಿಮ್ಮ ಮೊದಲ ಗ್ರಾಹಕ ಬೆಳೆಗಾರನಲ್ಲ, ಪಟ್ಟಿ ಹಾಕುವವರು. ಊರಿಗೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಹುಡುಕಿ.

ಒಂದೇ ತಕರಾರು: ಬರಹಕ್ಕಿಂತ ಚಂದದ ಚಿತ್ರ ಮಾಡಿಕೊಟ್ಟರೆ ಆಪ್‌ನ ಹೆಸರು ಎದ್ದು ಕಾಣುತ್ತದೆ, ಯಾರೂ ಅಳಿಸಲಾರರು.

ಅಂಗಳದ_ಅಕ್ಕ
ಯಾರೂ ಅಳಿಸಲಾರರು, ಓದಲೂ ಲಾರರು. ಚಿತ್ರ ಬಂದರೆ ಫೋನಿನಲ್ಲಿ ಜಾಗ ತುಂಬುತ್ತದೆ ಎಂದು ನಮ್ಮ ಭಾವ ಎಲ್ಲವನ್ನೂ ತೆರೆಯದೆಯೇ ಅಳಿಸುತ್ತಾರೆ. ವಿದ್ಯುತ್ ಹೋದರೆ ಟವರ್ ಕೂಡ ಹೋಗುವ ಊರು ನಮ್ಮದು. ಸಿಗ್ನಲ್‌ನ ಒಂದು ಕಡ್ಡಿಯಲ್ಲಿ ಬರಹ ಬರುತ್ತದೆ, ಚಿತ್ರ ತಿರುಗುತ್ತಲೇ ಇರುತ್ತದೆ.

ಕೋಡಿಂಗ್_ಕೂಲಿ
ಸರಿ, ಬರಹವೇ ಇರಲಿ.

ಶಂಕೆರಾಯ
ಅಕ್ಕನಿಗೆ ಒಂದು ಪ್ರಶ್ನೆ. ಎಲ್ಲರೂ ಆಪ್ ಇಳಿಸಿಕೊಂಡುಬಿಟ್ಟರೆ ನಿಮ್ಮ ಪಟ್ಟಿ ಓದುವವರು ಯಾರು? ಗೊತ್ತಿದ್ದೂ ಕೊಂಡಿ ಹಾಕುತ್ತೀರಾ?

ಅಂಗಳದ_ಅಕ್ಕ
ಒಳ್ಳೆಯ ಪ್ರಶ್ನೆ. ಹಾಕುತ್ತೇನೋ ಇಲ್ಲವೋ ನೋಡಬೇಕು. ಪಟ್ಟಿಯ ನೆಪದಲ್ಲಿ ನಾಲ್ಕು ಜನ ಮಾತನಾಡಿಸುತ್ತಾರೆ. ಆದರೆ ಶಿರಸಿಯದ್ದು ನಾನು ಹಾಕಿದರೂ ಸಾಗರದ್ದು ಎಷ್ಟು, ಕಳೆದ ತಿಂಗಳು ಎಷ್ಟಿತ್ತು ಎಂದು ಕೇಳುವವರಿದ್ದಾರೆ. ಅವರಿಗೆ "ಇದರಲ್ಲಿ ನೋಡಿಕೊಳ್ಳಿ" ಎಂದು ಕೊಂಡಿ ಕೊಟ್ಟರೆ ನನ್ನ ತಲೆನೋವು ಹೋಗುತ್ತದೆ.

ಬೆಳ್ಳಿ_ಬಟನ್
ಇದೇ ಸೂತ್ರ ದೊಡ್ಡ ಮಟ್ಟದಲ್ಲೂ ನಡೆದಿದೆ. ನಮ್ಮ ಯಾತ್ರಿ ಆಪ್ 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಂದಾಗ ಆಟೋ ಚಾಲಕರ ಸಂಘವೇ ಜೊತೆಗಿತ್ತು. ಕಮಿಷನ್ ಇಲ್ಲವೆಂದು ಗೊತ್ತಾದ ಮೇಲೆ ಚಾಲಕರೇ ಪ್ರಯಾಣಿಕರಿಗೆ "ಮುಂದಿನ ಸಲ ಇದರಲ್ಲಿ ಕರೆಯಿರಿ" ಎಂದು ಹೇಳತೊಡಗಿದರು. ಆಪ್ ಹರಡಿದರೆ ಯಾರಿಗೆ ಲಾಭವೋ ಅವರ ಬಾಯಿಂದಲೇ ಪ್ರಚಾರ.

ಸಾಗರದ_ಹುಡುಗ
ಕನ್ನಡದ ಹೆಸರು, ಅದಕ್ಕೇ ಗೆದ್ದಿತು.

ಶಂಕೆರಾಯ
ಹಾಗಿದ್ದರೆ ಟ್ವಿಟರ್‌ನಂಥದ್ದೇ ಆದ "ಕೂ" ಆಪ್ ಏಕೆ ಮುಚ್ಚಿತು? 2020ರಲ್ಲಿ ಕನ್ನಡದಲ್ಲೇ ಮೊದಲು ಶುರುವಾದದ್ದು, ಬೆಂಗಳೂರಿನದ್ದೇ, ಹೂಡಿಕೆದಾರರ ದುಡ್ಡೂ ಇತ್ತು, ಇಳಿಸಿಕೊಂಡವರೂ ಕೋಟಿಗಟ್ಟಲೆ ಇದ್ದರು. 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಇಳಿಸಿಕೊಂಡವರ ಸಂಖ್ಯೆಯೊಂದನ್ನೇ ಹಿಡಿದು ಕೂರಬೇಡಿ ಎನ್ನುವುದಕ್ಕೆ ಇದನ್ನು ಹೇಳಿದೆ. ನಾಳೆ ಬೆಳಿಗ್ಗೆ ಎಷ್ಟು ಜನ ತೆರೆಯುತ್ತಾರೆ ಎಂಬುದನ್ನು ನೋಡಿ.

ಸಾಗರದ_ಹುಡುಗ
ಅದು ಟ್ವಿಟರ್ ಜೊತೆ ಜಗಳಕ್ಕೆ ನಿಂತದ್ದು, ಅಡಿಕೆಗೂ ಅದಕ್ಕೂ ಏನು ಸಂಬಂಧ?

ಗುಂಪಿನ_ಗೌಡ
ಸ್ಕ್ರ್ಯಾಚ್ ಕಾರ್ಡ್ ಕೊಡಿ. 2019ರ ದೀಪಾವಳಿಗೆ ಗೂಗಲ್ ಪೇ ಆಪ್‌ನಲ್ಲಿ ಸಿಗುವ ಬಗೆಬಗೆಯ ಬಿಲ್ಲೆಗಳನ್ನೆಲ್ಲ ಕೂಡಿಸಿದರೆ 251 ರೂಪಾಯಿ ಎಂದಾಗ, ರಂಗೋಲಿ ಬಿಲ್ಲೆಗಾಗಿ ನಾನು ಹತ್ತು ವರ್ಷ ಮಾತುಬಿಟ್ಟಿದ್ದ ದೊಡ್ಡಪ್ಪನ ಮಗನಿಗೂ ಸಂದೇಶ ಕಳಿಸಿದ್ದೆ.

ಚಾಲಿ_ಚಪ್ಪರ
ರಂಗೋಲಿ ಸಿಕ್ಕಿತೇ?

ಗುಂಪಿನ_ಗೌಡ
ಇಲ್ಲ. ಆದರೆ ಮಾತು ಶುರುವಾಯಿತು.

ಕೋಡಿಂಗ್_ಕೂಲಿ
ಅವರ ಬಳಿ ಸುರಿಯಲು ದುಡ್ಡಿತ್ತು ಗೌಡರೇ. ಇಲ್ಲಿ ಇಪ್ಪತ್ತು ಸಾವಿರಕ್ಕೇ ಮನೆಯಲ್ಲಿ ವಿಚಾರಣೆ ನಡೆದಿದೆ.

ಮೈಲುತುತ್ತ
ಶಿರಸಿ ಕಡೆ ಗೊಬ್ಬರ, ಔಷಧಿ ಅಂಗಡಿ ಇಟ್ಟಿದ್ದೇನೆ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಒಯ್ಯಲು ಎಲ್ಲ ಬೆಳೆಗಾರರೂ ಬಂದೇ ಬರುತ್ತಾರೆ. ಆ ಹೊತ್ತಿನಲ್ಲಿ ನೀವು ಆಪ್ ಬಿಟ್ಟಿರಿ, ಸರಿ, ಆದರೆ ನನ್ನ ಅಂಗಡಿಗೆ ಒಂದು ಚೀಟಿಯೂ ಬರಲಿಲ್ಲ. ಕ್ಯೂಆರ್ ಚೀಟಿ ಕಳಿಸಿ, ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸುತ್ತೇನೆ. ಬಿಲ್ಲು ಬರೆಯುವವರೆಗೆ ಜನ ಸುಮ್ಮನೆ ನಿಂತಿರುತ್ತಾರೆ, ಆಗ ಮೊಬೈಲ್ ತೆಗೆಯುತ್ತಾರೆ.

ಬೆಳ್ಳಿ_ಬಟನ್
ಒಂದೊಂದು ಅಂಗಡಿಗೆ ಒಂದೊಂದು ಕ್ಯೂಆರ್ ಮಾಡಿ. ಪ್ಲೇ ಸ್ಟೋರ್ ಕೊಂಡಿಯ ಕೊನೆಯಲ್ಲಿ ಮೂಲದ ಗುರುತು ಸೇರಿಸಬಹುದು. ಯಾವ ಅಂಗಡಿಯಿಂದ ಎಷ್ಟು ಜನ ಬಂದರು ಎಂಬುದು ಕನ್ಸೋಲ್‌ನಲ್ಲಿ ಕಾಣುತ್ತದೆ. ಕೊಂಡಿಯನ್ನು ಮುದ್ರಿಸುವ ಮೊದಲು ಬೇರೆ ಫೋನಿನಲ್ಲಿ ಪರೀಕ್ಷಿಸಿ ನೋಡಿ.

ಸಾಗರದ_ಹುಡುಗ
ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕಿದರೆ? ಲಕ್ಷಗಟ್ಟಲೆ ಜನ.

ಮೈಲುತುತ್ತ
ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಬಂದವರು ಬಳೆ ಕೊಳ್ಳುತ್ತಾರೆ, ತೊಟ್ಟಿಲಲ್ಲಿ ಕೂರುತ್ತಾರೆ. ಆ ಜನಜಂಗುಳಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆಪ್ ಇಳಿಸುವುದಿರಲಿ, ಕಳೆದುಹೋದ ಮಗುವನ್ನು ಹುಡುಕಲು ಫೋನ್ ಹತ್ತುವುದಿಲ್ಲ. ಬೇಡ.

ತೋಟದ_ತಂತ್ರಿ
ಒಟಿಪಿ ತೆಗೆದು ಹೊಸ ಆವೃತ್ತಿ ಕಳಿಸಿದ್ದೇನೆ. ಅಕ್ಕ ಕೇಳಿದ ಬರಹದ ಪಟ್ಟಿಯ ಕೆಲಸ ನಡೆದಿದೆ. ಸರಾಸರಿಯನ್ನು ದಪ್ಪ ಮಾಡುತ್ತೇನೆ, ಗರಿಷ್ಠವೂ ಇರುತ್ತದೆ. ಆದರೆ ಜಾಹೀರಾತಿನ ಆಸೆ ನನಗಿನ್ನೂ ಹೋಗಿಲ್ಲ. ಕೊಯ್ಲಿನ ಹೊತ್ತಿಗೆ ಐದು ಸಾವಿರವಾದರೂ ಹಾಕಿ ನೋಡುವೆ.

ಕೋಡಿಂಗ್_ಕೂಲಿ
ಹಾಕಲೇಬೇಕೆಂದಿದ್ದರೆ ಒಂದು ಎಚ್ಚರ. ಗೂಗಲ್‌ಗೆ "ಇಳಿಕೆ ಹೆಚ್ಚಿಸು" ಎಂದಷ್ಟೇ ಹೇಳಿದರೆ ಅದು ಅಗ್ಗವಾಗಿ ಇಳಿಸಿಕೊಳ್ಳುವವರನ್ನೇ ಹುಡುಕಿ ತರುತ್ತದೆ, ಉದಾಹರಣೆಗೆ ಅಪ್ಪನ ಫೋನಿನಲ್ಲಿ ಆಟವಾಡುವ ಮಗು ಆಟದ ನಡುವೆ ಒತ್ತಿದ್ದು. ಬದಲಿಗೆ "ಮಾರುಕಟ್ಟೆ ಆರಿಸಿಕೊಂಡವರು" ಎಂಬ ಘಟನೆಯನ್ನು ಆಪ್‌ನಲ್ಲಿ ಗುರುತಿಸಿ, ಅದನ್ನೇ ಗುರಿಯಾಗಿ ಕೊಡಿ. ಪ್ರತಿ ಬಳಕೆದಾರರಿಗೆ ವೆಚ್ಚ ಜಾಸ್ತಿ ಬೀಳುತ್ತದೆ, ಬಂದವರು ಉಳಿಯುತ್ತಾರೆ. ಪ್ರದೇಶವನ್ನು ಅಡಿಕೆ ಬೆಳೆಯುವ ತಾಲ್ಲೂಕುಗಳಿಗೆ ಸೀಮಿತಗೊಳಿಸಿ, ಇಡೀ ಕರ್ನಾಟಕ ಬೇಡ.

ಅದಕ್ಕೂ ಮೊದಲು ಆಪ್ ಕುಸಿಯುವ (ಬಳಸುತ್ತಿರುವಾಗಲೇ ತಾನಾಗಿ ಮುಚ್ಚಿಕೊಳ್ಳುವ) ಪ್ರಮಾಣ ನೋಡಿ. ದಿನದ ಬಳಕೆದಾರರಲ್ಲಿ 1.09 ಶೇಕಡಕ್ಕಿಂತ ಹೆಚ್ಚು ಜನರಿಗೆ ಆಪ್ ಕುಸಿದರೆ ಪ್ಲೇ ಸ್ಟೋರ್ ಅದನ್ನು ಹಿಂದಕ್ಕೆ ತಳ್ಳಬಹುದು.

ಪರದೇಶಿ_ಪುತ್ತೂರು
ತಾಲ್ಲೂಕಿಗೆ ಸೀಮಿತ ಮಾಡಿದರೆ ನಮ್ಮಂಥವರು? ನಿರ್ಧಾರ ಮಾಡುವವರು ನಾವು.

ಚಾಲಿ_ಚಪ್ಪರ
ಅಪ್ಪ ನಿಮ್ಮ ಮಾತು ಕೇಳುವುದಿಲ್ಲ ಎಂದು ನೀವೇ ಬರೆದಿದ್ದೀರಿ.

ಬೆಳ್ಳಿ_ಬಟನ್
ಪುಟದ ಮೊದಲ ಚಿತ್ರದ ಬಗ್ಗೆ ಯಾರೂ ಹೇಳಲಿಲ್ಲ. ಈಗ ಅಲ್ಲಿ ಹಸಿರು ತೋಟ, ಉದಯಿಸುವ ಸೂರ್ಯ ಇದ್ದಾನೆ. ಅಲ್ಲಿ ಧಾರಣೆಯ ಪರದೆಯೇ ಇರಲಿ, ಅಂಕಿ ಓದುವಷ್ಟು ದೊಡ್ಡದಾಗಿ. ತೋಟ ನೋಡಬೇಕೆಂದರೆ ಅವರು ಹಿತ್ತಿಲ ಬಾಗಿಲು ತೆರೆದರೆ ಸಾಕು. ಎರಡು ಚಿತ್ರಗಳನ್ನು ಹೋಲಿಸಿ ಪರೀಕ್ಷಿಸುವ ಸೌಲಭ್ಯ ಕನ್ಸೋಲ್‌ನಲ್ಲಿದೆ, ಆದರೆ ನಿಮ್ಮ ಪುಟಕ್ಕೆ ಬರುವ ಜನ ಕಡಿಮೆ ಇರುವಾಗ ಅದರ ಫಲಿತಾಂಶವನ್ನು ನಂಬಬೇಡಿ.

ತೋಟದ_ತಂತ್ರಿ
ಸೂರ್ಯನ ಚಿತ್ರ ತಂಗಿ ಬರೆದದ್ದು. ಕೊನೆಗೆ ಹಾಕುತ್ತೇನೆ, ತೆಗೆಯುವುದಿಲ್ಲ.

ಅಂಗಳದ_ಅಕ್ಕ
ಹೊಸ ಆವೃತ್ತಿ ಇಳಿಸಿಕೊಂಡೆ. ಒಟಿಪಿ ಕೇಳಲಿಲ್ಲ. ಬಿಳಿಗೋಟು, ಕೆಂಪುಗೋಟು ಮೇಲೆ ಬಂದಿವೆ, ರಾಶಿ, ಚಾಲಿ ಕೆಳಗಿವೆ. ನಮ್ಮ ಕಡೆ ಮೊದಲು ಕೇಳುವುದು ರಾಶಿ, ಚಾಲಿ. ಸಾಲು ನಾವೇ ಜೋಡಿಸಿಕೊಳ್ಳುವಂತೆ ಮಾಡಿ.

ಮೈಲುತುತ್ತ
ಚೀಟಿ ಯಾವಾಗ ಕಳಿಸುತ್ತೀರಿ? ಲ್ಯಾಮಿನೇಟ್ ಮಾಡಿಸಿಯೇ ಕಳಿಸಿ, ನಮ್ಮ ಅಂಗಡಿಯಲ್ಲಿ ಬರೀ ಕಾಗದ ಒಂದು ವಾರ ಬಾಳುವುದಿಲ್ಲ. ಮೇಲೆ "ಅಡಿಕೆ ಧಾರಣೆ" ಎಂದು ದಪ್ಪಗೆ ಬರೆಸಿ. ಮಗಳ ಹೆಸರು ಕೆಳಗಿರಲಿ.

ತೋಟದ_ತಂತ್ರಿ
ಮಗಳ ಹೆಸರು ಮೇಲೆ.